ತಗಡಿನ ಮೇಲಿನ ಕೆಂಪು ಕಲ್ಲು

ಕೊನೆಯ ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಚೇತನಕುಮಾರ ನಿಚ್ಚಣಿಕೆ ಏರುತ್ತಿದ್ದ. ನೇತ್ರಾ ಕೆಳಗೆ ನಿಂತು ನಿಚ್ಚಣಿಕೆಯ ಕಾಲನ್ನು ಎರಡೂ ಕೈಯಿಂದ ಹಿಡಿದಿದ್ದಳು. ಹಿಡಿಯುವ ಅಗತ್ಯವೇನೂ ಇರಲಿಲ್ಲ. ಹಿಡಿದುಕೊಂಡರೆ ಮೇಲೆ ನೋಡುತ್ತ ನಿಲ್ಲಲು ಒಂದು ನೆಪ ಸಿಗುತ್ತಿತ್ತು, ಅಷ್ಟೇ.

"ಬಿದ್ರ ನನ್ನ ಮ್ಯಾಲ ಬೀಳಬ್ಯಾಡ, ಆ ಕಡಿ ಬೀಳು," ಅಂದಳು.

"ನಿನ್ನ ಮ್ಯಾಲ ಬೀಳಬೇಕಂತನ ಏರಾಕತ್ತೇನಿ."

"ಹಲ್ಲ ಉದುರ್ತಾವ."

"ಉದುರ್ಲಿ. ಹಲ್ಲಿಲ್ಲದ ಗಂಡನ್ನ ಯಾರೂ ಕಸಗೊಳ್ಳೂದಿಲ್ಲ. ನಿನಗ ಚಿಂತಿ ಇಲ್ಲ."

ಪಕ್ಕದ ಮನೆಯ ಕಟ್ಟೆಯ ಮೇಲೆ ರಾಟೆ ತಿರುಗಿಸುತ್ತ ಕೂತಿದ್ದ ದಸ್ತಗೀರಬಿ ತಲೆ ಎತ್ತದೆ ಹೇಳಿದಳು: "ಗಂಡ ಅಂತ ಯಾವಾಗ ಆದ್ಯೋ ಲೇ? ನಮಗ ಊಟಕ್ಕ ಕರೀಲಿಲ್ಲ."

ನೇತ್ರಾಳ ಕಿವಿ ಕೆಂಪಾಯಿತು. ಮೇಲಿನಿಂದ ನಗು ಕೇಳಿಸಿತು.

ಶಂಕ್ರಪ್ಪನ ಮನೆ ಇಳಕಲ್ಲಿನ ಹಳೆಯ ಓಣಿಯೊಂದರಲ್ಲಿತ್ತು. ಕಲ್ಲು ಮಣ್ಣಿನ ಗೋಡೆ, ಮೇಲೆ ತಗಡು. ಮುಂದಿನ ಕೋಣೆಯಲ್ಲಿ ನೆಲಕ್ಕೆ ಕುಣಿ ತೋಡಿ ಮಗ್ಗ ಹೂಡಿದ್ದ. ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು, ಕಾಲ್ಮಣೆ ತುಳಿಯುತ್ತ, ಮೂವತ್ತೈದು ವರ್ಷ ಸೀರೆ ನೇಯ್ದವನು. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಅವನ ಮನೆ, ಮಗಳೇ ಅವನ ಕೆಲಸದ ಜೊತೆ. ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ನೇತ್ರಾಳದು.

ಆ ಓಣಿಯ ನೇಕಾರರು ತಗಡಿಗೆ ಮೊಳೆ ಹೊಡೆಯುವುದಿಲ್ಲ. ಮೊಳೆಯ ತೂತಿನಿಂದ ನೀರು ಸೋರುತ್ತದೆ, ಒಂದು ಹನಿ ರೇಷ್ಮೆಯ ಮೇಲೆ ಬಿದ್ದರೂ ಕಲೆ ಉಳಿಯುತ್ತದೆ. ಅದಕ್ಕೆ ಗ್ರಾನೈಟ್ ಫ್ಯಾಕ್ಟರಿಯವರು ಹೊರಗೆ ಎಸೆದ ತುಂಡುಗಳನ್ನು ತಂದು, ಒರಟು ಮೈ ಕೆಳಗೆ ಮಾಡಿ, ತಗಡಿನ ಮೇಲೆ ಹೇರುತ್ತಾರೆ. ಒರಟು ಮೈ ತಗಡನ್ನು ಕಚ್ಚಿ ಹಿಡಿಯುತ್ತದೆ.

ಚೇತನಕುಮಾರ ಅಂಥದೊಂದು ಫ್ಯಾಕ್ಟರಿಯಲ್ಲಿ ಪಾಲಿಶ್ ಮಷಿನ್ ನಡೆಸುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವನು ಹೇಳಿದ್ದ: "ನಮ್ಮ ಫ್ಯಾಕ್ಟರಿ ದಿನ್ನಿ ಮ್ಯಾಲ ನಿಂತ್ರ ನಿಮ್ಮ ಓಣಿ ಕಾಣ್ತದ. ಆದ್ರ ಎಲ್ಲಾ ತಗಡೂ ಒಂದ ಥರಾ. ನಿಂದ್ಯಾವುದು ಅಂತ ಹುಡುಕೂದ್ರಾಗ ಸಾಹೇಬ ಬೈತಾನ."

"ಗೊತ್ತಾಗೂ ಹಂಗ ಮಾಡು. ಪಾಲಿಶ್ ಮಾಡಾವ ನೀ. ಹೊಳಿಯೂ ಕಲ್ಲ ಹಾಕು."

ಎರಡು ದಿನ ಬಿಟ್ಟು ಕೆಂಪು ಕಲ್ಲಿನ ತುಂಡೊಂದನ್ನು ತಂದು ತೋರಿಸಿದ. ಅದರ ಮೈಯಲ್ಲಿ ನೇತ್ರಾಳ ಮುಖ ಕಾಣುತ್ತಿತ್ತು. ಅವಳು ಅದನ್ನು ಹೊರಳಿಸಿದಳು.

"ಹಿಂದಿನ ಮೈ ಹಂಗ ಬಿಟ್ಟೀಯಲ್ಲ?"

"ಅದು ಕೆಳಗ ಇರ್ತೈತಿ. ಯಾರ ನೋಡ್ತಾರ?"

"ನಾ ನೋಡ್ತೇನಿ. ನಮ್ಮ ಸೆರಗ ನೋಡು, ಎರಡೂ ಮೈ ಒಂದ ಥರಾ. ಒಂದ ಮೈ ಚಂದ ಮಾಡಿ ಇನ್ನೊಂದ ಮೈ ಬಿಟ್ರ ಅದು ಅರ್ಧಾ ಮನಸ್ಸಿನ ಕೆಲಸ. ಅರ್ಧಾ ಮನಸ್ಸಿನಾವ್ರು ನನಗ ಬ್ಯಾಡ."

ಅವನು ಅವಳನ್ನು ಸುಮ್ಮನೆ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣಿನ ಅಂಚು ಸಣ್ಣಗೆ ನಕ್ಕಿತು. ಕಲ್ಲಿನ ಕೆಲಸದವನಿಗೆ ಕಲ್ಲಿನ ಗುಣ ಗೊತ್ತಿರಬೇಕಾಗಿತ್ತು. ಗೊತ್ತೂ ಇತ್ತು. ಆದರೆ ಆ ಹೊತ್ತಿನಲ್ಲಿ ಅವನಿಗೆ ಗೊತ್ತಿದ್ದುದೆಲ್ಲ ಆ ಹುಡುಗಿಯ ಮುಖವೊಂದೇ.

ಒಂಬತ್ತು ಕಲ್ಲು, ಎರಡೂ ಮೈ ಹೊಳಪು. ಸಂಜೆಯ ಬಿಸಿಲಿಗೆ ಶಂಕ್ರಪ್ಪನ ಮನೆ ಕುಂಕುಮ ಇಟ್ಟುಕೊಂಡಂತೆ ಕಾಣುತ್ತಿತ್ತು.

*

ಭರಣಿ ಮಳೆ ಹೂಡಿದ ನಾಲ್ಕನೆಯ ದಿನ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಪಶ್ಚಿಮ ದಿಕ್ಕು ತಾಮ್ರದ ಹಂಡೆಯ ತಳದಂತೆ ಕಪ್ಪಾಯಿತು. ಮೊದಲು ಧೂಳು ಬಂತು. ಆಮೇಲೆ ಗಾಳಿ. ಓಣಿಯ ಬಾಗಿಲುಗಳು ಒಂದಾದ ಮೇಲೊಂದು ಹೊಡೆದುಕೊಂಡವು. ಆಲಿಕಲ್ಲು ಗುಂಡಿನಂತೆ ತಗಡಿಗೆ ಬಡಿಯತೊಡಗಿತು.

ಚರಂಡಿ ಉಕ್ಕಿ ನೀರು ಹೊಸ್ತಿಲಿಗೆ ಬಂತು. ಹೊಸ್ತಿಲು ದಾಟಿದರೆ ಮಗ್ಗದ ಕುಣಿ ತುಂಬುತ್ತದೆ. ಶಂಕ್ರಪ್ಪ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು, ಗೋಣಿಚೀಲ ಒತ್ತಿ ಒತ್ತಿ ಒಡ್ಡು ಕಟ್ಟತೊಡಗಿದ.

"ನೇತ್ರವ್ವಾ, ಇನ್ನೊಂದ ಚೀಲ ತಾ! ಲಗೂನ!"

ಅವಳು ಚೀಲ ಹಿಡಿದು ಬಾಗಿಲಿಗೆ ಬಂದಳು. ಆಗ ಮೇಲೆ ಒಂದು ಸದ್ದಾಯಿತು. ದೊಡ್ಡ ಸದ್ದಲ್ಲ. ಒದ್ದೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಸರಿದಂಥ, ಉದ್ದನೆಯ, ನುಣ್ಣನೆಯ ಸದ್ದು. ತಗಡು ಇನ್ನೂ ಮಿಸುಕಿರಲಿಲ್ಲ. ಕಲ್ಲು ಮೊದಲು ಬಂತು. ಸೂರಿನ ಅಂಚಿನಿಂದ ಜಾರಿ, ಅಂಚು ಕೆಳಗಾಗಿ, ತಂದೆಯ ಎಡಗಾಲಿನ ಮೇಲೆ ಇಳಿಯಿತು.

ಎಲುಬು ಮುರಿದ ಸದ್ದು ಗಾಳಿಯಲ್ಲೂ ಕೇಳಿಸಿತು.

ಹಿಂದೆಯೇ ಎರಡನೆಯದು, ಮೂರನೆಯದು. ಭಾರ ಹೋದ ಮೇಲೆ ತಗಡುಗಳು ಎದ್ದವು. ಒಂದು ಕಿರುಚುತ್ತ ಹಾರಿ ಕರೆಂಟ್ ಕಂಬಕ್ಕೆ ಸುತ್ತಿಕೊಂಡಿತು, ತಂತಿ ಹರಿದು ಕಿಡಿ ಸುರಿಯಿತು. ಇನ್ನೊಂದು ಬೇವಿನ ಮರದ ಟೊಂಗೆಯನ್ನು ಕೊಡಲಿಯಂತೆ ಕಡಿದು ಹಾಕಿತು. ತೆರೆದ ಮನೆಯೊಳಗೆ ಆಕಾಶ ಇಳಿದು ಸುರಿಯಿತು. ಗಾಳಿಯೂ ಶಿವನದೇ ಎಂದು ಹಿರಿಯರು ಹೇಳುತ್ತಾರೆ. ಆ ಹೊತ್ತಿನಲ್ಲಿ ಹಾಗೆ ನಂಬುವುದು ಯಾರಿಗೂ ಸುಲಭವಾಗಿರಲಿಲ್ಲ.

ಶಂಕ್ರಪ್ಪ ಕೂಗಲಿಲ್ಲ. ಕಾಲನ್ನು ನೋಡಿದ. ಕೆಂಪು ನೀರು ಗೋಣಿಚೀಲಗಳ ನಡುವೆ ಹರಿದು ಹೋಗುತ್ತಿತ್ತು. "ಕುಣಿಯಾಗ ನೀರ ಹೋತೇನು?" ಎಂದು ಕೇಳಿ ಕಣ್ಣು ಮುಚ್ಚಿದ.

ಚೇತನಕುಮಾರ ಆಲಿಕಲ್ಲಿನಲ್ಲೇ ಓಡಿ ಬಂದಿದ್ದ. ಹಣೆ, ತೋಳು ಎಲ್ಲ ಬಾವು. ಅಂಗಿ ಹರಿದು ಶಂಕ್ರಪ್ಪನ ಮೊಣಕಾಲಿನ ಮೇಲೆ ಬಿಗಿದ. ಅವನೂ ನೇತ್ರಾಳೂ ಕೂಡಿ ಕಲ್ಲನ್ನು ಎತ್ತಿದರು. ಎತ್ತುವಾಗ ಅವನ ಕೈ ಕಲ್ಲಿನ ಕೆಳಮೈಯ ಮೇಲೆ ಜಾರಿತು. ಅವನು ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು.

ಓಣಿಯ ಅಮರೇಶನ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಹೊರಟರು. ಹುನಗುಂದ ದಾಟುವುದರೊಳಗೆ ಮೂರು ಕಡೆ ಮರ ಬಿದ್ದಿತ್ತು. ಚೇತನಕುಮಾರ ಬರಿಮೈಯಲ್ಲಿ ಇಳಿದು ಕೊಡಲಿಯಿಂದ ಟೊಂಗೆ ಕಡಿದ. ಮರದ ಮೇಲೆ ಅಲ್ಲ, ಯಾರೋ ಶತ್ರುವಿನ ಮೇಲೆ ಹೊಡೆದಂತೆ ಹೊಡೆಯುತ್ತಿದ್ದ. ಅಂಗೈ ಒಡೆದು ಕೊಡಲಿಯ ಹಿಡಿಕೆ ರಕ್ತದಿಂದ ಒದ್ದೆಯಾಯಿತು.

ದವಾಖಾನೆಯಲ್ಲಿ ಡಾಕ್ಟರು ನೇತ್ರಾಳನ್ನು ಒಳಗೆ ಕರೆದು, "ಕಾಲು ಉಳಿಸಿದ್ರ ಜೀವ ಉಳಿಯೂದಿಲ್ಲಮ್ಮಾ," ಅಂದರು. ಅವಳು ಸಹಿ ಮಾಡಿದಳು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

*

ಮೂರು ವಾರ ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ಒಂದು ಬಾಡಿಗೆ ಕೋಣೆ, ದವಾಖಾನೆಯ ವಾರ್ಡು, ಔಷಧದ ವಾಸನೆ. ಎಚ್ಚರವಾದ ದಿನ ಶಂಕ್ರಪ್ಪ ಗ್ಲುಕೋಸ್ ನಳಿಕೆ ಕಿತ್ತೆಸೆದು ನರ್ಸಿನ ಮೇಲೆ ಕೂಗಾಡಿದ. "ನೇಕಾರನ ಕಾಲ ತಗದು ಕೈ ಯಾಕ ಬಿಟ್ಟ್ರಿ? ಅದನ್ನೂ ತಗೀರಿ!" ಅಂದ. ಇಲ್ಲದ ಪಾದ ಉರಿಯುತ್ತದೆ ಎಂದು ಕಿರುಚುತ್ತಿದ್ದ. ಚೇತನಕುಮಾರ ಕೆಲಸಕ್ಕೆ ರಜೆ ಹಾಕಿ ಪ್ರತಿದಿನ ಬರುತ್ತಿದ್ದ. ಮಲಮೂತ್ರ ಎತ್ತಿದ. ಸ್ನಾನ ಮಾಡಿಸಿದ. ಲಿಂಗಪೂಜೆಗೆ ಎಬ್ಬಿಸಿ ಕೂರಿಸಿ, ಬೆನ್ನಿಗೆ ಬೆನ್ನು ಕೊಟ್ಟು ಕೂತ.

ಊರಿನವರೆಲ್ಲ ಒಂದೇ ಮಾತು: ತಗಡು ಹಾರಿತು, ಕಲ್ಲು ಬಿತ್ತು, ಗಾಳಿಗೆ ಏನು ಹೇಳುವುದು. ಯಾವುದು ಮೊದಲು ಎಂದು ಯಾರೂ ಕೇಳಲಿಲ್ಲ. ನೇತ್ರಾಳಿಗೆ ಮಾತ್ರ ಕಣ್ಣು ಮುಚ್ಚಿದರೆ ಆ ನುಣ್ಣನೆಯ ಸದ್ದು ಕೇಳುತ್ತಿತ್ತು.

ಮನೆಗೆ ಬಂದ ಮೇಲೆ ಚೇತನಕುಮಾರ ಹೊಸ ತಗಡು ತಂದ. ಈ ಸಲ ಕಲ್ಲಿಲ್ಲ. ಅಡ್ಡಪಟ್ಟಿಗೆ ಕೊಕ್ಕೆಬೋಲ್ಟ್ ಹಾಕಿ, ತೂತಿಗೆ ರಬ್ಬರ್ ಬಿಲ್ಲೆ ಕೂರಿಸಿ ಬಿಗಿಯತೊಡಗಿದ. ಮಿರಗದ ಮಳೆ ಹಿಡಿಯುವುದರೊಳಗೆ ಮುಗಿಸಬೇಕು ಎಂಬ ಅವಸರ. ಅಡುಗೆಮನೆಯ ಕಡೆಯ ಅರ್ಧ ಮುಗಿಯಿತು. ಮಗ್ಗದ ಕೋಣೆಯ ಮೇಲೆ ಇನ್ನೂ ತಾಡಪತ್ರಿ.

ನೇತ್ರಾ ಕೆಳಗಿನಿಂದ ಬೋಲ್ಟ್ ಕೊಡುತ್ತಿದ್ದಳು. ಒಂದು ಸಲ ಅವಳ ಬೆರಳು ಅವನ ಅಂಗೈಯ ಗಾಯಕ್ಕೆ ತಾಗಿತು.

"ಇನ್ನೂ ಆರಿಲ್ಲೇನು?"

"ನೀ ಮುಟ್ಟೂತನಕ ಆರಿತ್ತು."

ಬಹಳ ದಿನದ ಮೇಲೆ ಅವಳ ತುಟಿಯ ಮೂಲೆ ಅಲುಗಿತು. ಅವನು ಅದನ್ನು ಕಂಡ. ಕಂಡವನು ನಗಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡ.

ಅಂಗಳದ ಹೊರಸಿನ ಮೇಲೆ ಮಲಗಿದ್ದ ಶಂಕ್ರಪ್ಪ ಇಬ್ಬರನ್ನೂ ನೋಡುತ್ತಿದ್ದ. "ಚೇತನಾ, ಇಳಿದ ಬಾ ಇಲ್ಲೆ," ಎಂದು ಕರೆದ. "ಮಗಾ ಇದ್ರೂ ಇಷ್ಟ ಮಾಡ್ತಿದ್ದಿಲ್ಲ. ನನಗ ಎಲ್ಲಾ ಗೊತ್ತೈತಿ, ಕಾಲ ಹೋಗೇತಿ, ಕಣ್ಣ ಹೋಗಿಲ್ಲ. ಮಿರಗ ಮುಗೀಲಿ. ಮಠದಾಗ ನಾಕ ಅಕ್ಕಿಕಾಳ ಹಾಕಿ ಇಕಿನ್ನ ನಿನ್ನ ಕೈಯಾಗ ಇಡ್ತೇನಿ."

ದಸ್ತಗೀರಬಿ ಕಟ್ಟೆಯಿಂದಲೇ, "ಈ ಸಲಾರ ಊಟಕ್ಕ ಕರೀರೆಪಾ," ಅಂದಳು.

ಚೇತನಕುಮಾರ ಹೊರಸಿನ ಮುಂದೆ ನೆಲಕ್ಕೆ ಕೂತ.

"ಕಾಕಾ, ಒಂದ ಮಾತ ಐತಿ. ಕೇಳಿದ ಮ್ಯಾಲ ನೀವು ಮಗಳನ್ನ ಕೊಡೂದಿಲ್ಲ. ಖರೆ, ಹೇಳದ ನಾ ತಗೊಳ್ಳಾಂಗಿಲ್ಲ."

"ಏನೋ ಅದು?"

"ತಗಡ ಹಾರಿ ಕಲ್ಲ ಬೀಳಲಿಲ್ಲ. ಕಲ್ಲ ಜಾರಿ ತಗಡ ಹಾರಿತು. ಒರಟ ಮೈ ಕೆಳಗ ಇರಬೇಕಿತ್ತು. ನಾ ಎರಡೂ ಮೈ ಪಾಲಿಶ್ ಮಾಡಿದ್ದೆ. ಹಸಿ ತಗಡಿನ ಮ್ಯಾಲ ಅದು ಹೆಂಗ ನಿಲ್ತೈತಿ? ಹದಿನೈದ ವರ್ಷಾತು ಕಲ್ಲಿನ ಕೆಲಸಾ ಮಾಡಾಕತ್ತು. ನನಗ ತಿಳೀಬೇಕಿತ್ತು."

ಓಣಿಯಲ್ಲಿ ರಾಟೆಯ ಸದ್ದು ನಿಂತಿತು.

"ಯಾಕ ಮಾಡಿದಿ?" ಶಂಕ್ರಪ್ಪನ ದನಿ ಬಹಳ ಸಣ್ಣಗಿತ್ತು. "ತಗಡಿನ ಮ್ಯಾಗಿನ ಕಲ್ಲಿಗೆ ಕೆಳಗಿನ ಮೈ ಪಾಲಿಶ್ ಯಾಕ?"

ಚೇತನಕುಮಾರನ ಕಣ್ಣು ಒಂದು ಕ್ಷಣ ನೇತ್ರಾಳ ಕಡೆ ಹೋಯಿತು. ಅಲ್ಲಿ ನಿಲ್ಲದೆ ನೆಲಕ್ಕೆ ಇಳಿಯಿತು.

"ಚಂದ ಕಾಣ್ಲಿ ಅಂತ."

ನೇತ್ರಾಳ ಬಾಯಿ ತೆರೆಯಿತು. ನಾ ಹೇಳಿದ್ದು, ನಾ ಕೇಳಿದ್ದು ಎಂಬ ಮಾತು ಗಂಟಲಿನವರೆಗೆ ಬಂತು. ತಂದೆಯ ಕಾಲಿನ ಮೇಲಿನ ಬಿಳಿ ಬ್ಯಾಂಡೇಜು ಕಣ್ಣಿಗೆ ಬಿತ್ತು. ಮಾತು ಅಲ್ಲೇ ಸತ್ತಿತು.

ತಲೆದೆಸೆಯಲ್ಲಿದ್ದ ಹಿತ್ತಾಳೆ ತಂಬಿಗೆ ಬೀಸಿ ಬಂದು ಚೇತನಕುಮಾರನ ಹಣೆಗೆ ಬಡಿಯಿತು. ನೀರೂ ರಕ್ತವೂ ಕೂಡಿ ಕಣ್ಣಿಗೆ ಇಳಿದವು. ಅವನು ಕೈ ಅಡ್ಡ ತರಲಿಲ್ಲ.

"ನಿನ್ನ ಚಂದಕ್ಕ ನನ್ನ ಕಾಲ ಹೋತೇನೋ ಸೂಳಿಮಗನ! ಮೂರ ವಾರ ನನ್ನ ಹೇಲ ಬಳದಿ, ಬಾಯಿ ಬಿಡಲಿಲ್ಲ! ಏಳು! ನನ್ನ ಹೊಸ್ತಲಾ ತುಳದ್ರ ಇನ್ನೊಂದ ಕಾಲಿಂದ ಒದೀತೇನಿ!" ಶಂಕ್ರಪ್ಪ ಊರುಗೋಲು ಎತ್ತಿ ಹೊಡೆದ. ಹೆಗಲಿಗೆ, ಬೆನ್ನಿಗೆ, ಮತ್ತೆ ಬೆನ್ನಿಗೆ. ಹೊಡೆಯುತ್ತ ಹೊರಸಿನಿಂದ ಉರುಳಿ ಬಿದ್ದ. ಎತ್ತಲು ಚೇತನಕುಮಾರ ಕೈ ಚಾಚಿದಾಗ ಆ ಕೈಯನ್ನು ಕಚ್ಚಿದ.

ಚೇತನಕುಮಾರ ಎದ್ದು ಹೋದ. ನೇತ್ರಾ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

*

ಆರು ದಿನ ಅವಳು ತಂದೆಗೆ ಉಣಿಸಿದಳು, ತೊಳೆದಳು, ಮಗ್ಗದ ಮೇಲೆ ಉಳಿದಿದ್ದ ಅರ್ಧ ಸೀರೆಯನ್ನು ತಾನೇ ಕುಣಿಗಿಳಿದು ನೇಯ್ದಳು. "ನೀ ಒಬ್ಬಾಕಿ ಇದ್ದೀ ಅಂತ ನಾ ಬದುಕೇನವ್ವಾ," ಎಂದು ತಂದೆ ತಲೆ ಸವರಿದಾಗ ಆ ಕೈ ಸುಟ್ಟಂತಾಗುತ್ತಿತ್ತು. ಮಾತು ಹೇಳಿದರೆ ತಂದೆ ಹೋಗುತ್ತಾನೆ. ಹೇಳದಿದ್ದರೆ ಚೇತನಕುಮಾರ ಹೋಗುತ್ತಾನೆ. ಇಬ್ಬರಲ್ಲಿ ಯಾರನ್ನೂ ಕೈಬಿಡಲಾರದೆ ಅವಳು ಇಬ್ಬರನ್ನೂ ಸುಳ್ಳಿನಿಂದ ಹಿಡಿದುಕೊಂಡಿದ್ದಳು.

ಏಳನೆಯ ದಿನ ಮಧ್ಯಾಹ್ನ ದಸ್ತಗೀರಬಿ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಇಳಿಸಿ ಹೇಳಿದಳು: "ನಾಳಿ ಮುಂಜಾನಿ ಬಸ್ಸಿಗೆ ಆ ಹುಡುಗ ಬದಾಮಿಗೆ ಹೊಂಟಾನ. ಅಲ್ಲೆ ಯಾವುದೋ ಕಲ್ಲಿನ ಕೆಲಸಾ ಅಂತ. ಇನ್ನ ಬರೂದಿಲ್ಲ ಅಂದ." ನೇತ್ರಾಳ ಮುಖ ನೋಡಿ ದನಿ ತಗ್ಗಿಸಿದಳು. "ನಾ ಕಟ್ಟಿ ಮ್ಯಾಲ ಕುಂತಾಕಿ ಬೇ. ರಾಟಿ ತಿರುಗಿದ್ರೂ ಕಿವಿ ತಿರುಗೂದಿಲ್ಲ. ಎರಡೂ ಮೈ ಅಂದಾಕಿ ಯಾರು ಅಂತ ನನಗ ಗೊತ್ತೈತಿ."

"ಅಪ್ಪಗ ಹೇಳ್ತೀಯೇನು?"

"ನನ್ನ ಪಾಪಾ ನನಗ ಬೇಕಾದಷ್ಟ ಅದಾವ. ನಿಂದು ನೀ ಹೇಳ್ಕೊ."

ಆ ಸಂಜೆ ಐದಕ್ಕೆ ಮಿರಗದ ಗಾಳಿ ಬಂತು.

ಮೊದಲ ಹೊಡೆತಕ್ಕೆ ತಾಡಪತ್ರಿ ಉಬ್ಬಿ ಎದೆಯಂತೆ ಏರಿಳಿಯಿತು. ಎರಡನೆಯದಕ್ಕೆ ಹಗ್ಗ ಹರಿಯಿತು. ಮೂರನೆಯದಕ್ಕೆ ಮೇಲಿನ ಬೊಂಬು ಕಿತ್ತು, ಮಗ್ಗದ ಮೇಲೆ ಬಡಿದು, ಹಾಸಿನ ಎಳೆಗಳನ್ನು ಸೀಳಿತು. ಒಂದು ತಿಂಗಳು ನೀರು ಕುಡಿದಿದ್ದ ಪಶ್ಚಿಮದ ಗೋಡೆಯಿಂದ ಮಣ್ಣು ಉದುರತೊಡಗಿತು.

"ಅಪ್ಪಾ, ಏಳು! ದಸ್ತಗೀರಬಿ ಮನಿಗೆ ಹೋಗೂಣು!"

ಶಂಕ್ರಪ್ಪ ಮಗ್ಗದ ಕಂಬವನ್ನು ತಬ್ಬಿಕೊಂಡಿದ್ದ. "ನಾ ಎಲ್ಲಿಗೂ ಬರೂದಿಲ್ಲ. ಬೀಳ್ಲಿ. ಇದರ ಜೋಡಿ ನಾನೂ ಹೋಗ್ತೇನಿ. ಆ ಚಾಂಡಾಲನ ಕಲ್ಲ ಅರ್ಧಾ ಕೊಂದೈತಿ, ಉಳದದ್ದ ಗೋಡಿ ಕೊಲ್ಲಲಿ! ಅವನ ವಂಶಾ ಹಾಳಾಗ್ಲಿ, ಅವನ ಕೈ ಹುಳಾ ಬೀಳ್ಲಿ!"

ಅವಳು ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಮಿಸುಕಲಿಲ್ಲ. ಬೈಗುಳ ನಿಲ್ಲಲಿಲ್ಲ. ಗೋಡೆಯಿಂದ ಒಂದು ಕಲ್ಲು ಕಳಚಿ ಕುಣಿಯೊಳಗೆ ಬಿತ್ತು.

"ನಾ ಹೇಳಿದ್ದು!" ನೇತ್ರಾ ಕಿರುಚಿದಳು. ಗಾಳಿಗಿಂತ ಜೋರಾಗಿ ಕಿರುಚಿದಳು. "ಅವ ಒಂದ ಮೈ ಪಾಲಿಶ್ ಮಾಡಿ ತಂದಿದ್ದ! ಹಿಂದಿಂದೂ ಮಾಡು ಅಂದಾಕಿ ನಾ! ಅರ್ಧಾ ಮನಸ್ಸಿನ ಕೆಲಸ ಅಂತ ಅವನ್ನ ಚುಚ್ಚಿದಾಕಿ ನಾ! ನಿನ್ನ ಕಾಲ ತಗದದ್ದು ನಾ, ಅಪ್ಪಾ! ಬೈ, ನನ್ನ ಬೈ!"

ಶಂಕ್ರಪ್ಪ ತಿರುಗಿ ನೋಡಿದ. ನೀರು ಅವನ ಮುಖದ ಮೇಲೆ ಹರಿಯುತ್ತಿತ್ತು. ಊರುಗೋಲು ಎದ್ದಿತು. ಇಪ್ಪತ್ತಾರು ವರ್ಷದಲ್ಲಿ ಮಗಳ ಮೇಲೆ ಒಮ್ಮೆಯೂ ಎತ್ತದಿದ್ದ ಕೈ ಎತ್ತಿ ಹೊಡೆದ. ಅವಳ ತುಟಿ ಒಡೆಯಿತು. ಇನ್ನೊಮ್ಮೆ ಎತ್ತಿದ. ಅವಳು ಸರಿಯಲಿಲ್ಲ.

ಎರಡನೆಯ ಹೊಡೆತ ಅವಳಿಗೆ ಬೀಳಲಿಲ್ಲ. ಹಿಂದಿನಿಂದ ಬಂದ ಕೈಯೊಂದು ಊರುಗೋಲನ್ನು ಗಾಳಿಯಲ್ಲೇ ಹಿಡಿಯಿತು. ಚೇತನಕುಮಾರ. ತಾಡಪತ್ರಿ ಹಾರಿದ್ದನ್ನು ಫ್ಯಾಕ್ಟರಿಯ ದಿನ್ನೆಯಿಂದ ಕಂಡು ಓಡಿ ಬಂದವನಿಗೆ ಉಸಿರೇ ಇರಲಿಲ್ಲ.

"ಅಕಿನ್ನ ಬ್ಯಾಡ ಕಾಕಾ. ಹೊಡಿಯೂದಿದ್ರ ಹೊರಗ ಬಂದ ನನ್ನ ಹೊಡೀರಿ. ಗೋಡಿ ಬರಾಕತ್ತೈತಿ."

"ಇಕಿ ಹೇಳೂದು ಖರೆ ಏನಲೇ?"

ಚೇತನಕುಮಾರ ಊರುಗೋಲನ್ನು ಅವನ ಕೈಯಿಂದ ಬಿಡಿಸಿ ಬದಿಗೆ ಎಸೆದ.

"ಖರೆ ಏನಂತ ಕೇಳ್ದೆ!"

"ಅಕಿ ಕೇಳಿದ್ದು ಖರೆ. ಮಾಡಿದಾವ ನಾ."

ಗೋಡೆಯ ನಡುವೆ ಒಂದು ಬಿರುಕು, ಹಾವು ಇಳಿದಂತೆ, ಮೇಲಿನಿಂದ ಕೆಳಗೆ ಇಳಿಯಿತು. ಶಂಕ್ರಪ್ಪ ಮಗಳ ಒಡೆದ ತುಟಿ ನೋಡಿದ. ಕಂಬ ಹಿಡಿದಿದ್ದ ಅವನ ಕೈ ಸಡಿಲಾಯಿತು. ಚೇತನಕುಮಾರ ಬಗ್ಗಿದ, ನೇತ್ರಾ ತಂದೆಯನ್ನು ಅವನ ಬೆನ್ನಿಗೆ ಒತ್ತಿ ಹಿಂದಿನಿಂದ ನೂಕಿದಳು. ಮೂವರೂ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಗೋಡೆ ಒಂದು ದೊಡ್ಡ ನಿಟ್ಟುಸಿರಿನಂತೆ ಒಳಕ್ಕೆ ಕುಸಿಯಿತು. ಮಗ್ಗದ ಮರ ಒಂದೊಂದಾಗಿ ಮುರಿಯುವುದು ಕೇಳಿಸಿತು. ಶಂಕ್ರಪ್ಪ ಆಗ ಅತ್ತ. ಕಾಲು ಹೋದಾಗ ಅಳದವನು, ತನ್ನ ಕಾಲು ಹೋಗಲು ಕಾರಣನಾದವನ ಹೆಗಲ ಮೇಲೆ ಹಣೆಯಿಟ್ಟು ಅತ್ತ.

*

ಬೆಳಿಗ್ಗೆ ಆಕಾಶ ಏನೂ ಗೊತ್ತಿಲ್ಲದಂತೆ ತಿಳಿಯಾಗಿತ್ತು. ಚೇತನಕುಮಾರ ನಸುಕಿನಿಂದಲೇ ಮಣ್ಣು ಸರಿಸಿ ಮಗ್ಗದ ಮರ ಹೊರಗೆ ತೆಗೆಯುತ್ತಿದ್ದ. ನೇತ್ರಾ ಚಹಾ ತಂದು ಕಲ್ಲಿನ ಮೇಲಿಟ್ಟಳು.

"ಬದಾಮಿ ಬಸ್ಸ್ ಹೋತು," ಅಂದಳು.

"ಕೇಳಿಸ್ತು ಹಾರ್ನ್."

"ಮತ್ತ?"

"ಹಾರ್ನ್ ಚಲೋ ಇತ್ತು."

ಅವಳಿಗೆ ನಗು ಬಂತು. ನಕ್ಕರೆ ತುಟಿ ಉರಿಯಿತು. ಅವನು ಸೆಟೆದು ನಿಂತು ಆ ತುಟಿಯ ಗಾಯವನ್ನು ನೋಡಿದ. ಮುಟ್ಟಲು ಎತ್ತಿದ ಕೈ ಮಣ್ಣಾಗಿದೆಯೆಂದು ಇಳಿಸಿದ.

"ಅವತ್ತ ಅಂಗಳದಾಗ ಯಾಕ ನನ್ನ ಹೆಸರ ಹೇಳ್ಲಿಲ್ಲ?"

"ನಿನಗ ಅಪ್ಪ ಒಬ್ಬ ಅದಾನ. ನನಗ ಹೊಡಿಸಿಕೊಳ್ಳಾಕ ಬೆನ್ನ ಐತಿ."

"ನಾ ಬಾಯಿ ಮುಚ್ಚಿಕೊಂಡ ನಿಂತಾಗ ನಿನಗ ಸಿಟ್ಟ ಬರಲಿಲ್ಲೇನು?"

"ಬಂತು. ಭಾಳ ಬಂತು. ಆರ ದಿನಾ ಮಷಿನ್ ಮುಂದ ನಿಂತ ನಿನ್ನ ಬೈದೇನಿ. ಬೈಯಾಕರ ದಿನಕ್ಕ ನೂರ ಸಲ ನಿನ್ನ ಹೆಸರ ಹಿಡಿಬೇಕಾತು." ಅವನ ದನಿ ತಗ್ಗಿತು. "ನೇತ್ರಾ, ನೀ ಇಲ್ಲದ ನನಗ ಆಗೂದಿಲ್ಲ. ಅಷ್ಟ."

ಅವಳು ತನ್ನ ಸೆರಗಿನ ಅಂಚು ತೆಗೆದು ಅವನ ಅಂಗೈಯ ಮಣ್ಣನ್ನು ನಿಧಾನವಾಗಿ ಒರೆಸಿದಳು. ಒರೆಸಿ ಮುಗಿದ ಮೇಲೂ ಕೈ ಬಿಡಲಿಲ್ಲ.

"ಏ! ಇಬ್ಬರೂ ಬರ್ರಿ ಇಲ್ಲೆ!" ದಸ್ತಗೀರಬಿಯ ಮನೆಯ ಪಡಸಾಲೆಯಿಂದ ಶಂಕ್ರಪ್ಪನ ಕೂಗು.

ಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿ ಅವನು ಗೋಡೆಗೆ ಒರಗಿ ಕೂತಿದ್ದ. ಇಬ್ಬರೂ ಬಂದು ಮುಂದೆ ನಿಂತರು. ಅವನು ಮಗಳ ತುಟಿಯನ್ನೊಮ್ಮೆ, ಚೇತನಕುಮಾರನ ಹಣೆಯ ಗಾಯವನ್ನೊಮ್ಮೆ ನೋಡಿದ. ಎರಡೂ ತನ್ನ ಕೈಯವೇ.

"ಕ್ಷಮಾ ಅನ್ನೂ ಮಾತ ನನ್ನ ಬಾಯಾಗ ಇನ್ನೂ ಬಂದಿಲ್ಲ," ಅಂದ. "ಮುಂಜಾನಿಂದ ಲಿಂಗಯ್ಯನ ಮುಂದ ಕುಂತ ಹುಡುಕಿದೆ. ಸಿಗಲಿಲ್ಲ. ಸಿಕ್ಕಾಗ ಹೇಳ್ತೇನಿ. ಸುಳ್ಳ ಹೇಳಿ ನಿಮ್ಮನ್ನ ಹರಸೂದಿಲ್ಲ."

ನೇತ್ರಾ ತಲೆ ತಗ್ಗಿಸಿದಳು.

"ತಲಿ ಎತ್ತು. ನಾ ಇನ್ನೂ ಮುಗಿಸಿಲ್ಲ. ಇಬ್ಬರೂ ಕೂಡಿ ಮಾಡೀರಿ. ಒಬ್ಬಾವ ಬದಾಮಿಗೆ ಓಡ್ತೇನಿ ಅಂತಾನ, ಒಬ್ಬಾಕಿ ಬಾಯಿ ಹೊಲಕೊಂಡ ಕುಂದರ್ತಾಳ. ಅದು ನಡಿಯೂದಿಲ್ಲ. ಇಬ್ಬರೂ ಕೂಡಿ ನನ್ನ ಹೊರ್ರಿ. ನಾ ಸಾಯೂತನಕ. ಏನಂತೀರಿ?"

"ಹೊರ್ತೇವ್ರಿ," ಅಂದ ಚೇತನಕುಮಾರ.

"ನಿನ್ನ ಕೇಳಿಲ್ಲ. ಇಕಿನ್ನ ಕೇಳೇನಿ."

"ಹೊರ್ತೇನಿ ಅಪ್ಪಾ. ಅವನ ಜೋಡಿ ಹೊರ್ತೇನಿ."

"ಹಂಗಾರ ಮತ್ತ್ಯಾಕ ನಿಂತೀರಿ? ನನ್ನ ಮಗ್ಗಾ ಎಷ್ಟ ಉಳದೈತಿ ನೋಡಬೇಕು, ಎತ್ತರಿ."

ಊರುಗೋಲು ಗೋಡೆಯಡಿ ಹೋಗಿತ್ತು. ಇಬ್ಬರೂ ಎದುರುಬದುರು ನಿಂತು, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿದು, ನಾಲ್ಕು ಕೈಯ ಕುರ್ಚಿ ಮಾಡಿದರು. ಶಂಕ್ರಪ್ಪ ಇಬ್ಬರ ಕೊರಳಿಗೂ ತೋಳು ಹಾಕಿ ಅದರ ಮೇಲೆ ಕೂತ. ಓಣಿಯವರು ಬಾಗಿಲುಗಳಲ್ಲಿ, ಮುರಿದ ಗೋಡೆಗಳ ಮೇಲೆ ನಿಂತು ನೋಡುತ್ತಿದ್ದರು. ಅಷ್ಟು ಜನರ ಎದುರು ಆ ಇಬ್ಬರೂ ಕೈ ಹಿಡಿದದ್ದು ಅದೇ ಮೊದಲು.

ಮುದುಕನ ಭಾರಕ್ಕೆ ನೇತ್ರಾಳ ಬೆರಳುಗಳು ಚೇತನಕುಮಾರನ ಮಣಿಕಟ್ಟಿನೊಳಗೆ ಇಳಿದವು. ಅಲ್ಲಿ ನಾಡಿ ಜೋರಾಗಿ ಹೊಡೆಯುತ್ತಿತ್ತು. ಅವಳು ತಂದೆಯ ಎದೆಯಾಚೆ ಅವನ ಕಡೆ ನೋಡಿದಳು. ಅವನೂ ನೋಡಿದ.

"ಮಾರಿ ಆಮ್ಯಾಲ ನೋಡ್ಕೊರಿ," ಅಂದ ಶಂಕ್ರಪ್ಪ, ನಡುವಿನಿಂದ. "ಮೊದಲ ಕೈ ಗಟ್ಟಿ ಹಿಡೀರಿ."

ಅವರು ಗಟ್ಟಿಯಾಗಿ ಹಿಡಿದರು. ಹೆಜ್ಜೆ ಕೂಡಿಸಿಕೊಂಡು ಕೆಸರಿಗೆ ಇಳಿದರು.